ಚೀಲದಲ್ಲಿ ಉಳಿದ ಉಸುಕು

ಕೊಂಕಣದ ಸಮುದ್ರದಂಡೆಗುಂಟ ಏಳು ದಿನ ಒಬ್ಬನೇ ನಡೆದು ಬರಲು ನನಗೆ ಖರ್ಚು ಬಿದ್ದದ್ದು ಎರಡು ಸಾವಿರದ ಎಂಟುನೂರು ರೂಪಾಯಿ. ಅಷ್ಟರಲ್ಲೇ ಮುಗಿಯಿತು, ಏಕೆಂದರೆ ಲಾಡ್ಜಿಗೆ ಹೋಗಲಿಲ್ಲ. ಮೀನುಗಾರರ ಪಡಸಾಲೆಯಲ್ಲಿ ಮಲಗಿ, ಬಾಡಿಗೆಯ ಬದಲು ನಮ್ಮ ಅಂಗಡಿಯ ಟಾವೆಲ್ ಕೊಟ್ಟೆ. ಮನೆಯಲ್ಲಿ ಮಾತ್ರ, ಅಕ್ಕಲಕೋಟದ ಕ್ಷೇತ್ರದಲ್ಲಿ ಮೌನವ್ರತಕ್ಕೆ ಕೂಡುತ್ತೇನೆಂದು ಹೇಳಿ ಹೊರಟಿದ್ದೆ. ಆ ಸುಳ್ಳನ್ನು ಆರು ವರ್ಷದಿಂದ ಬಚ್ಚಿಟ್ಟಿದ್ದೇನೆ.

ನಿಜ ಹೇಳಬಹುದಿತ್ತು. ಆದರೆ ನನ್ನಂತೆ ವಿಜಾಪುರ ರಸ್ತೆಯಲ್ಲಿ ಅಂಗಡಿ ಇಟ್ಟ ವ್ಯಾಪಾರಿಯೊಬ್ಬ ಬೆನ್ನಿಗೆ ಚೀಲ ಹಾಕಿಕೊಂಡು ಸಮುದ್ರ ನೋಡಲು ಹೋದನೆಂದರೆ ಪೇಟೆಯಲ್ಲಿ ಎರಡೇ ಮಾತು — ತಲೆ ಕೆಟ್ಟಿದೆ, ಇಲ್ಲವೇ ಅಂಗಡಿ ಮುಳುಗಿದೆ. ವ್ರತವೆಂದರೆ ಯಾರೂ ಕೇಳುವುದಿಲ್ಲ. ಫೋನು ಬಂದ್ ಇಡಬಹುದು. ಮೌನಕ್ಕೆ ಕೂತವರನ್ನು ನಮ್ಮಲ್ಲಿ ಯಾರೂ ಎಬ್ಬಿಸುವುದಿಲ್ಲ — ಅದನ್ನೂ ಯೋಚಿಸಿಯೇ ಹೋಗಿದ್ದೆ.

ನಾಲ್ಕನೆಯ ದಿನ, ಭಂಡಾರಕವಠೆಯ ತನ್ನ ಮನೆಯಲ್ಲಿ ಅಕ್ಕನಿಗೆ ಮೇಲುಸಿರು ಹತ್ತಿತು. ತಾಯಿ ಹೋದ ಮೇಲೆ ನನ್ನನ್ನು ಸಾಕಿದವಳು. ನನ್ನನ್ನೇ ಕೇಳಿದಳಂತೆ. ಅವಳ ಮಗ ಮಲ್ಲಿನಾಥ ಮೋಟಾರ್‌ಸೈಕಲ್ ಹತ್ತಿ ಅಕ್ಕಲಕೋಟಕ್ಕೆ ಹೋದ, ಸಂಜೆ ಒಬ್ಬನೇ ತಿರುಗಿ ಬಂದ. ಮರುದಿನ ಬೆಳಿಗ್ಗೆ ಅಕ್ಕ ಹೋದಳು. ಆ ಹೊತ್ತಿಗೆ ನಾನು — ಯಾವುದೋ ಖಾನಾವಳಿಯ ಮುದುಕಿಯ ಜೊತೆ ಚೌಕಾಶಿ ಮಾಡಿ, ಊಟಕ್ಕೆ ಹತ್ತು ರೂಪಾಯಿ ಇಳಿಸಿ ಹಿಗ್ಗುತ್ತಿದ್ದೆ.

ಎಂಟನೆಯ ದಿನ ಅಕ್ಕಲಕೋಟದಲ್ಲಿ ಇಳಿದು, ಪ್ರಸಾದ ಕೊಂಡು ಮನೆಗೆ ಬಂದೆ. ಹೆಂಡತಿ ಬಾಗಿಲಲ್ಲೇ ಸುದ್ದಿ ಹೇಳಿದಳು. ಚೀಲ ಇಳಿಸದೆ ಭಂಡಾರಕವಠೆಗೆ ಓಡಿದೆ. ಮಾತಾಡಿಸಲು ಬಂದವರು — ವ್ರತ ಮುಗಿಸಿ ಬಂದವನೆಂದು — ನನ್ನ ಕಾಲು ಮುಟ್ಟಿದರು. ನಾನು ಕಾಲು ಹಿಂದೆ ತೆಗೆಯಲಿಲ್ಲ.

ಮಲ್ಲಿನಾಥ ನನ್ನನ್ನು ಹಿತ್ತಲಿಗೆ ಕರೆದ. ಚೀಲದಿಂದ ಉದುರಿದ್ದು ಅವನ ಅಂಗೈಯಲ್ಲಿತ್ತು.

“ಮಾಮಾ, ಅಕ್ಕಲಕೋಟದಾಗ ಇಷ್ಟು ಉಸುಕು ಐತೇನ್ರಿ?”

ನನ್ನ ನಿಜವಾದ ಮೌನ ಶುರುವಾದದ್ದು ಆಗ.

“ಎಲ್ಲಾ ಧರ್ಮಶಾಳಾ ಹುಡುಕೀನ್ರಿ. ಅವ್ವಗ ಏನಂತ ಹೇಳ್ಲಿ? ‘ಮಾಮಾ ಕಣ್ಣ ಮುಚ್ಚಿ ಕುಂತಾರ, ನಾ ಎಬ್ಬಸಲಿಲ್ಲ’ ಅಂದೆ. ‘ಛಲೋ ಮಾಡಿದಿ, ಅವನ ವ್ರತ ಕೆಡಸಬ್ಯಾಡ’ ಅಂದ್ಳು. ಚೀಲ ಹೊರಗ ಝಾಡಿಸಿ ಬರ್ರಿ, ಮಂದಿ ನೋಡ್ತಾರ.”

ಎಲ್ಲಿಗೆ ಹೋಗಿದ್ದಿರಿ ಎಂದು ಅವನು ಇವತ್ತಿಗೂ ಕೇಳಿಲ್ಲ. ಕೇಳಿದ್ದರೆ ಬಹುಶಃ — ಇಲ್ಲ, ಆಗಲೂ ಬೇರೊಂದು ಸುಳ್ಳು ಹೇಳುತ್ತಿದ್ದೆ. ಅವನು ಅಂಗಡಿಗೆ ಬರುವುದನ್ನು ಬಿಟ್ಟಿದ್ದಾನೆ. ಆದರೆ ಮೌನಕ್ಕೆ ಕೂಡುವವರು ಬರುತ್ತಾರೆ, ಹೇಗೆ ಕೂಡಬೇಕೆಂದು ಕೇಳುತ್ತಾರೆ. ಇಷ್ಟು ವರ್ಷ ಅವರಿಗೂ ಸಲಹೆ ಕೊಟ್ಟಿದ್ದೇನೆ. ಇನ್ನು ಕೊಡುವುದಿಲ್ಲ.

ಗೊತ್ತಿರುವುದನ್ನಷ್ಟೇ ಹೇಳುತ್ತೇನೆ. ದಂಡೆಗುಂಟ ಒಬ್ಬರೇ ಹೋಗುವುದಿದ್ದರೆ ಮಲಗುವ ಜಾಗ ಮಧ್ಯಾಹ್ನವೇ ಗೊತ್ತು ಮಾಡಿಕೊಳ್ಳಿ. ಸಂಜೆಯಾದರೆ ದರ ಇಳಿಸುವುದಿಲ್ಲ. ದಿನಕ್ಕೊಮ್ಮೆ ಫೋನು ಚಾಲೂ ಮಾಡಿ. ಹೊರಡುವ ಮೊದಲು ಮನೆಯ ಒಬ್ಬರಿಗಾದರೂ ಹೋಗುವ ಊರಿನ ನಿಜವಾದ ಹೆಸರು ಹೇಳಿ ಹೋಗಿ. ನಗುವವರು ನಗಲಿ.