ರುಚಿ ನೋಡದೆ ಬೇಯಿಸಿದ ನೆತ್ತಿಲಿ

೧೯೭೯ರಲ್ಲಿ ಅಕ್ಕ ಹೆರಿಗೆಗೆಂದು ದೊಡ್ಡಗಾಜನೂರಿನ ನಮ್ಮ ಮನೆಗೆ ಬಂದಿದ್ದಳು. ಗಂಡುಮಗು ಹುಟ್ಟಿತು, ಎದೆಯಲ್ಲಿ ಹಾಲು ಬರಲಿಲ್ಲ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯದ ಗಂಜಿ ಎಲ್ಲ ಆಯಿತು. ಮಳೆ ಬಂದ ದಿನಗಳನ್ನೂ ಹಸು ಕೊಟ್ಟ ಹಾಲನ್ನೂ ಬರೆದಿಡುತ್ತಿದ್ದ ನಾನು ಮಗು ಅತ್ತ ಸಲಗಳಿಗೂ ಗೀಟು ಹಾಕತೊಡಗಿದೆ.

ಹಿತ್ತಲಾಚೆ ಫಾರೆಸ್ಟ್ ಗಾರ್ಡ್ ಒಬ್ಬರ ಸಂಸಾರವಿತ್ತು. ಅವರ ಹೆಂಡತಿ ತಮಿಳು ಕಡಲತೀರದವರು. ಒಂದು ಹಿಡಿ ಒಣ ನೆತ್ತಿಲಿ ಮೀನನ್ನು ಕಾಗದದಲ್ಲಿ ಸುತ್ತಿ ತಂದರು. ಬೆರಳುದ್ದದ ಮೀನು. ಬೆಳಕಿಗೆ ಹಿಡಿದರೆ ಒಳಗಿನ ಮುಳ್ಳು ಕಾಣುತ್ತಿತ್ತು.

“ಜೀವ ಇದ್ದಾಗ ಗಾಜು ತರ ಇರ್ತದಮ್ಮಾ. ನದಿ ಕಡಲಿಗೆ ಸೇರೋ ಕಡೆ ಗುಂಪು ಗುಂಪಾಗಿ ಬರ್ತದೆ. ನಮ್ಮ ಕಡೆ ಬಾಣಂತಿಗೆ ಹಾಲು ಬರ್ಲಿ ಅಂತ ಇದನ್ನೇ ಕೊಡೋದು. ನಾನೇ ಕುಳಂಬು, ನಿಮ್ಮ ಸಾರಿನ ತರ, ಮಾಡ್ಕೊಡ್ಲಾ?”

ನಮ್ಮದು ಲಿಂಗ ಕಟ್ಟಿದ ಮನೆ. ಮೀನು ಬೇಯಿಸುವ ಮನೆಯ ಮಡಕೆಯಿಂದ ಉಣ್ಣಿಸಲು ಅವ್ವ ಒಪ್ಪಲಿಲ್ಲ. ಮಾರನೆಯ ದಿನ ಮಗುವಿನ ಅಳು ಕ್ಷೀಣವಾದಾಗ ತಾನೇ ಎದ್ದಳು. ಕೊಟ್ಟಿಗೆಯ ಹಿಂದೆ ಮೂರು ಕಲ್ಲು ಹೂಡಿ, ಹೊಸ ಮಡಕೆಯಿಟ್ಟು, ಮೂಗಿಗೆ ಸೆರಗು ಕಟ್ಟಿ, ಆ ಮೀನಿಗೆ ಹುರುಳಿ ಸಾರಿಗೆ ಹಾಕುವಂತೆಯೇ ಹುಣಸೆ, ಖಾರ, ಉಪ್ಪು ಹಾಕಿದಳು. ನಾಲಿಗೆಗೆ ಮುಟ್ಟಿಸಿ ನೋಡುವ ಹಾಗಿರಲಿಲ್ಲ.

“ಮೂಗು ಕಟ್ಕಂಡು ಅಡ್ಗೆ ಮಾಡೋರ್ನ ಇವತ್ತೇ ಕಂಡಿದ್ದು ಕಣವ್ವಾ,” ಎಂದು ಅಕ್ಕ ನಕ್ಕಳು. ಒಂದು ತುತ್ತು ತಿಂದು ಎಲ್ಲವನ್ನೂ ಕಾರಿಕೊಂಡಳು.

“ಸಿವ ಒಪ್ನಿಲ್ಲ ಬುಡು,” ಎಂದು ಅವ್ವ ಉಳಿದದ್ದನ್ನು ಮಡಕೆಯ ಸಮೇತ ತಿಪ್ಪೆಯಲ್ಲಿ ಹೂತಳು.

ಗಾರ್ಡ್ ಹೆಂಡತಿ ಕೇಳಿ ಹಣೆ ಬಡಿದುಕೊಂಡರು. “ಉಪ್ಪು ಹಾಕಿದ್ರಾ? ಅಯ್ಯೋ, ಉಪ್ಪಲ್ಲೇ ಒಣಗಿಸಿದ್ದಮ್ಮಾ ಅದು! ಚೆನ್ನಾಗಿ ತೊಳೀಬೇಕು.” ಇನ್ನೊಂದು ಹಿಡಿ ತಂದುಕೊಟ್ಟರು.

“ಒಂದ್ಸಲ ಕೆಟ್ಟಿದ್ದೇ ಸಾಕು, ತಕ್ಕಂಡೋಗಿ,” ಎಂದಳು ಅವ್ವ.

ಹಸುವಿನ ಹಾಲಿಗೆ ನೀರು ಬೆರೆಸಿ ಮಗುವಿನ ಬಾಯಿಗೆ ಒಳಲೆಯಲ್ಲಿ ಹಾಕಿದೆವು. ಎಷ್ಟು ಒಳಲೆ ಕುಡಿಯಿತು, ಎಷ್ಟು ಸಲ ಕಕ್ಕಿತು ಎಂದು ದಿನವೂ ಬರೆದೆ. ಕೊನೆಕೊನೆಗೆ ಹಾಲು ಒಳಲೆಯಲ್ಲೇ ಉಳಿಯುತ್ತಿತ್ತು. ದೀಪಾವಳಿಗೆ ಮೊದಲೇ ಮಗುವನ್ನು ಹೊಲದ ಬದುವಿನಲ್ಲಿ ಮಣ್ಣು ಮಾಡಿದರು.

ಅಕ್ಕ ಒಬ್ಬಳೇ ಗಂಡನ ಮನೆಗೆ ಹೊರಟಳು. ಬಸ್‌ಸ್ಟ್ಯಾಂಡಿನಲ್ಲಿ ನಾವು ಮೂವರೇ ಇದ್ದೆವು.

“ಉಪ್ಪು ಎಚ್ಚಾಗಿತ್ತು ಅಷ್ಟೇ ಅಲ್ವಾ ಅವ್ವಾ? ಇನ್ನೊಂದ್ಸಲ ಮಾಡಿದ್ರೆ ತಿಂತಿದ್ದೆ ಕಣವ್ವಾ,” ಎಂದಳು.

ಅವ್ವ ಅವಳ ಬಟ್ಟೆಗಂಟನ್ನು ಎತ್ತಿ ಕಂಕುಳಿಗೆ ಸೇರಿಸಿಕೊಂಡಳು. “ಬಸ್ಸು ಬಂತೇನೋ ನೋಡು,” ಎಂದಳು. ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು.