ಮುಚ್ಚಿಡಲು ಕೊಟ್ಟ ರೊಟ್ಟಿ

ಮೆಹದಿಪಟ್ಟಣಂನಿಂದ ಅತ್ತೆ ಕಳಿಸಿದ ಖಡಕ್ ರೊಟ್ಟಿಯ ಗಂಟು ಮಿಯಾಪುರದ ನಮ್ಮ ಮನೆ ಮುಟ್ಟುವಷ್ಟರಲ್ಲಿ ಕಾಲುಭಾಗ ಪುಡಿಯಾಗಿತ್ತು. ಗಂಟು ಬಿಚ್ಚಿದೆ ನೋಡಿ, ಒಣಗಿದ ಜೋಳದ ರೊಟ್ಟಿಯ ಆ ಸುಟ್ಟ ವಾಸನೆ ಅಡುಗೆಮನೆ ತುಂಬಿತು. ಕೈ ತಾನಾಗಿ ಎರಡು ರೊಟ್ಟಿ ಬೇರೆ ತೆಗೆಯಿತು, ಬೀರುವಿನಲ್ಲಿ ಸೀರೆಗಳ ಹಿಂದೆ ಇಡಲು. ನಗಬೇಡಿ. ನನ್ನ ಬೀರು ತೆಗೆದರೆ ಸೀರೆಗಿಂತ ಮೊದಲು ತಿಂಡಿಯ ಡಬ್ಬಿ ಕಾಲ ಮೇಲೆ ಬೀಳುತ್ತದೆ ಎಂದು ನಮ್ಮವರು ಛೇಡಿಸುತ್ತಾರೆ. ಅವರ ಕಾಲ ಮೇಲೆ ಬಿದ್ದದ್ದೂ ಉಂಟು.

ಈ ಚಾಳಿ ಹಳೆಯದು. ಊರ ತುಂಬ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಗಾರೆ ಕೆಲಸಕ್ಕೆಂದು ರಾಯಚೂರು ಕಡೆಯಿಂದ ಬಂದಿದ್ದ ಅಪ್ಪ, ಅವ್ವ ತೀರಿಕೊಂಡ ಮೇಲೆ ಕುಡಿತಕ್ಕೆ ಬಿದ್ದ. ಹೊಡೆಯುತ್ತಿದ್ದ. ತಗಡಿನ ಶೆಡ್ಡಿನಲ್ಲಿ ನನ್ನನ್ನು ಕೂಡಿಹಾಕಿ ಹೋದರೆ ನನ್ನ ಊಟದ ನೆನಪೂ ಅವನಿಗಿರುತ್ತಿರಲಿಲ್ಲ. ಪಕ್ಕದ ಶೆಡ್ಡಿನವರು ದೂರು ಕೊಟ್ಟರು. ಸರ್ಕಾರದ ಮಕ್ಕಳ ಕಲ್ಯಾಣ ಸಮಿತಿಯವರು ನನ್ನನ್ನು ಗುರುತಿಲ್ಲದ ಒಂದು ಕುಟುಂಬಕ್ಕೆ ಒಪ್ಪಿಸುವ ಮಾತಾಡುತ್ತಿದ್ದಾಗ ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ, ಎದ್ದು ನಿಂತಳು. ಸಿಟ್ಟಿನಲ್ಲಿ ಕನ್ನಡದಲ್ಲೇ ಶುರುಮಾಡಿದಳು. ಅವಳ ಗಂಡ, ನಮ್ಮ ಮಾಮ, ಅದನ್ನು ತೆಲುಗು ಮಾಡುತ್ತ ಅವಳ ಹಿಂದೆ ಓಡಬೇಕಾಯಿತು.

“ಅವ ನನ್ನ ತಮ್ಮ ಹೌದ್ರಿ. ಆದ್ರ ಅವನ್ನ ಹೊಸ್ತಿಲ ದಾಟಾಕ ಬಿಡಂಗಿಲ್ಲ. ಕೂಸು ನಮ್ದೈತಿ, ನಮ್ಮನ್ಯಾಗ ಇರ್ಲಿ.”

ಸದ್ಯಕ್ಕೆ ಇರಲಿ, ಆಮೇಲೆ ನೋಡಿ ತೀರ್ಮಾನಿಸುತ್ತೇವೆ ಎಂದರು ಸಮಿತಿಯವರು.

ಮಾಮನಿಗೆ ಅಬಿಡ್ಸಿನ ಬಟ್ಟೆ ಅಂಗಡಿಯಲ್ಲಿ ನೌಕರಿ. ಉಣ್ಣಲು ಕೊರತೆ ಇರಲಿಲ್ಲ. ಆದರೂ ನಾನು ಬಿಸಿ ರೊಟ್ಟಿ ಕದ್ದು ಹಾಸಿಗೆಯ ಕೆಳಗೆ ಇಡುತ್ತಿದ್ದೆ. ನಾಳೆಯೂ ಸಿಗುತ್ತದೆಂದು ಏನು ನಂಬಿಕೆ? ಒಂದು ದಿನ ಅತ್ತೆ ಹಾಸಿಗೆ ಕೊಡವಿದಾಗ ಬೂಷ್ಟು ಹಿಡಿದ ರೊಟ್ಟಿಗಳು ಉದುರಿದವು. ಹೊಡೆತಕ್ಕೆ ಬೆನ್ನು ಬಗ್ಗಿಸಿ ನಿಂತೆ. ಅತ್ತೆ ನೆಲ ಒರೆಸಿದಳು, ಒಳಗಿನಿಂದ ಖಡಕ್ ರೊಟ್ಟಿ ತಂದು ಕೈಗಿಟ್ಟಳು.

“ಮೆತ್ತನ ರೊಟ್ಟಿ ಕೆಡ್ತಾವ ಹುಚ್ಚಿ. ಮುಚ್ಚಿಡಾಕ ಇವು ಚಲೋ. ತೀರಿದ್ರ ಕೇಳು, ಮತ್ತ ಕೊಡ್ತೀನಿ.”

ಸ್ವಲ್ಪ ದಿನಕ್ಕೆ ಸಮಿತಿಯ ಮೇಡಂ ಹೇಳದೆ ಕೇಳದೆ ಬಂದರು. ಹಾಸಿಗೆ ಎತ್ತಿದರೆ ರೊಟ್ಟಿಯ ಸಾಲು! ಹುಡುಗಿಗೆ ಹೊಟ್ಟೆ ತುಂಬ ಹಾಕುವುದಿಲ್ಲವೇ ಎಂದು ಮುಖ ಗಂಟಿಕ್ಕಿ ಕೇಳಿದರು. ಇನ್ನು ನನ್ನನ್ನು ಕರೆದೊಯ್ಯುತ್ತಾರೆಂದುಕೊಂಡೆ. ಅದುವರೆಗೆ ಅವರೆದುರು ತುಟಿ ಬಿಚ್ಚದವಳು ಕೂಗಿಬಿಟ್ಟೆ.

“ಕದ್ದದ್ದಲ್ರಿ! ನಮ್ಮತ್ತಿನ ಮುಚ್ಚಿಡಾಕ ಕೊಟ್ಟಾಳ. ನಾ ಇಲ್ಲೇ ಇರ್ತೀನ್ರಿ.”

ಮಾಮ ತೆಲುಗಿನಲ್ಲಿ ಹೇಳಿದರು. ಮೇಡಂ ರೊಟ್ಟಿಗಳನ್ನು ಮುಟ್ಟದೆ ಹಾಸಿಗೆಯನ್ನು ಮೊದಲಿದ್ದಂತೆ ಮುಚ್ಚಿದರು. ಆ ಮನೆಯಿಂದ ನನ್ನನ್ನು ಮತ್ತೆ ಯಾರೂ ಕದಲಿಸಲಿಲ್ಲ.

ಕಟ್ಟಿಕೊಟ್ಟ ಬುತ್ತಿ ಬಹಳ ದಿನ ಬಾಳದು ಎನ್ನುತ್ತಾರೆ. ಹಾಗೆಂದವರು ನಮ್ಮತ್ತೆಯ ರೊಟ್ಟಿ ತಿಂದವರಲ್ಲ. ಆ ಗುರುತಿಲ್ಲದ ಕುಟುಂಬವೂ ಒಳ್ಳೆಯದೇ ಇದ್ದೀತು, ಅವರನ್ನು ಆಡಿಕೊಳ್ಳಲಾರೆ. ಆದರೆ ಹೆದರಬೇಡ ಅನ್ನದೆ, ನನ್ನ ಹೆದರಿಕೆಗೆಂದೇ ಕೆಡದ ರೊಟ್ಟಿ ಕೊಟ್ಟವಳು ನನ್ನ ಅತ್ತೆ. ಅವಳ ಋಣ ತೀರಿಸುವ ಆಸೆಯೂ ನನಗಿಲ್ಲ, ಆ ಋಣ ಇರಲಿ, ಹಿತವಾಗಿದೆ.

ಇಷ್ಟೆಲ್ಲ ನೆನೆಯುತ್ತ ನಿಂತಾಗ ಫೋನ್ ಬಂತು, ಅವಳದೇ.

“ರೊಟ್ಟಿ ಮುಟ್ಟಿದ್ವೇನ?”

ಕೈಯಲ್ಲಿದ್ದ ಎರಡನ್ನೂ ಉಳಿದವುಗಳ ಮೇಲೆ ಇಟ್ಟೆ. “ಮುಟ್ಟ್ಯಾವ ಅತ್ತಿ. ಎಲ್ಲಾ ಟೇಬಲ್ ಮ್ಯಾಲೆ ಇಟ್ಟೀನಿ.”

“ಎಲ್ಲಾ? ಎರಡು ತಗದಿಡಲಿಲ್ಲೇನ?”

“ಇಲ್ಲತ್ತಿ.”

ಆ ಕಡೆ ಅತ್ತೆ ಮೂಗೆಳೆದುಕೊಂಡು ಅಂದಳು:

“ಹಂಗಾದ್ರ ಇನ್ನ ಮ್ಯಾಲೆ ಮೆತ್ತನವು ಕಳಸ್ತೀನಿ.”