ಗಾಳೆಪ್ಪನ ಮಡುವಿನಲ್ಲಿ ಎರಡು ದಡಿಯ ಸಿಗಡಿ

ಮಲಪ್ರಭೆಯ ಮೇಲಿನ ಮಂಜು ಇನ್ನೂ ಎದ್ದಿಲ್ಲ. ಪಟ್ಟದಕಲ್ಲಿನ ಗುಡಿಗಳ ಹಿಂದಿನ ಮಡುವಿನ ದಂಡೆಯಲ್ಲಿ ಸಕ್ರವ್ವ ಕೂತಿದ್ದಾರೆ. ಕೈಯಲ್ಲಿ ಹಗ್ಗ, ಬಾಯಲ್ಲಿ ಲೆಕ್ಕ. "ತೊಂಬತ್ತೆಂಟೆಳಿ, ತೊಂಬತ್ತೊಂಬತ್ತೆಳಿ, ನೂರೆಳಿ..." ಹಗ್ಗದ ಇನ್ನೊಂದು ತುದಿ ನೀರಿನೊಳಗಿದೆ. ಆ ತುದಿಯಲ್ಲಿರುವುದು ಬುಟ್ಟಿಯೂ ಅಲ್ಲ, ಕೊಡವೂ ಅಲ್ಲ; ಕಟ್ಟಿಕೊಂಡ ಗಂಡ. ಎರಡಾಳು ನೀರಿನ ತಳದಲ್ಲಿ ಗಾಳೆಪ್ಪ ಬಂಡೆಯ ಬುಡವನ್ನು ಬೆರಳಿನಿಂದ ತಡವುತ್ತಿದ್ದಾರೆ.

ನೂರಾ ಹದಿನಾರನೆಯ ಎಳೆಗೆ ನೀರು ಒಡೆಯುತ್ತದೆ. ಮೊದಲು ಮುಷ್ಟಿ ಬರುತ್ತದೆ, ಆಮೇಲೆ ತಲೆ. ಉಸಿರು ತುಂಬಿಕೊಳ್ಳುವುದಕ್ಕೂ ಮೊದಲು ಮುಷ್ಟಿಯನ್ನು ಗಡಿಗೆಯ ನೀರಿನಲ್ಲಿ ಬಿಚ್ಚುತ್ತಾರೆ. ಗಡಿಗೆಯಲ್ಲಿ ಏನೂ ಇಲ್ಲ ಅನಿಸುತ್ತದೆ. ಕಣ್ಣು ಕಿರಿದು ಮಾಡಿ ನೋಡಿದರೆ ಎರಡೆರಡು ಕರಿ ಚುಕ್ಕೆ, ಅವು ಕಣ್ಣು. ಅದರ ಹಿಂದೆ ಗಾಜಿನಂಥ ಮೈ, ಬೆರಳಿನ ಒಂದು ಗೆಣ್ಣಿನಷ್ಟುದ್ದ.

"ತೆನಿ ಮೂರು, ಚಿಕ್ಕಿ ಎರಡು," ಅನ್ನುತ್ತಾರೆ ಗಾಳೆಪ್ಪ, ಗಡಿಗೆಯತ್ತ ನೋಡದೆ.

ಸಕ್ರವ್ವ ಬಗ್ಗಿ ನೋಡುತ್ತಾರೆ. "ಖರೆ ಐತಿ. ಆದ್ರ ಇಷ್ಟ ಏನು? ನಿನ್ನಿ ಒಂದ ಮುಳುಗಿಗೆ ಏಳು ತಂದಿದ್ರಿ."

"ನಿನ್ನಿ ನೀ ಚಾ ಕುಡಿಸಿ ಕಳಿಸಿದ್ದಿ. ಇವತ್ತ ಬರೇ ಮಾತು ಕುಡಿಸಿದಿ."

ತೆನಿ, ಚಿಕ್ಕಿ ಅಂದರೇನೆಂದು ಇಳಕಲ್ಲ ಸೀರೆ ಉಟ್ಟ ಯಾವ ಹೆಣ್ಣುಮಗಳಿಗೂ ಬಿಡಿಸಿ ಹೇಳಬೇಕಿಲ್ಲ. ಕೆಂಪು ಸೆರಗಿನಲ್ಲಿ ಹಲ್ಲು ಹಲ್ಲಾಗಿ ಬಿಳಿ ಎದ್ದರೆ ಅದು ಟೋಪತೆನಿ. ಅಂಚಿನ ದಡಿಯುದ್ದಕ್ಕೂ ಚುಕ್ಕೆ ಕೂತರೆ ಚಿಕ್ಕಿ. ಈ ಮಡುವಿನ ಒಂದು ಜಾತಿಯ ಸಿಗಡಿಗೆ ಬಾಲದಲ್ಲಿ ಕೆಂಪು ಸೆರಗು, ಅದರಲ್ಲಿ ಬಿಳಿ ಹಲ್ಲು. ಇನ್ನೊಂದಕ್ಕೆ ಸೆರಗೇ ಇಲ್ಲ, ಪಕ್ಕೆಯ ಮೇಲೆ ಬರೀ ಕಂದು ಚುಕ್ಕೆ. ಹೆಸರಿಟ್ಟವರು ಸಕ್ರವ್ವ. ಅವರ ತವರು ಇಳಕಲ್ಲ. ಮದುವೆಯಾಗುವ ತನಕ ನೇಕಾರರ ಮನೆಯಲ್ಲಿ ನೂಲಿನ ಕಂಡಿಕೆ ಸುತ್ತಿದ ಕೈ, ಎಳೆ ಎಣಿಸಿದ ಬಾಯಿ. ಗಡಿಯಾರವಿಲ್ಲದ ಮನೆಯಲ್ಲಿ ಗಂಡನ ಉಸಿರನ್ನೂ ಅದೇ ಎಳೆಯ ಲೆಕ್ಕದಲ್ಲಿ ಅಳೆಯುತ್ತಾರೆ. ನೂರಾ ನಲವತ್ತು ದಾಟಿದರೆ ಹಗ್ಗ ಜಗ್ಗಬೇಕು, ಅದು ಇಬ್ಬರ ನಡುವಿನ ಕರಾರು.

"ಇಪ್ಪತ್ತೆರಡು ವರ್ಷದಾಗ ನಾಕ ಸಲ ಜಗ್ಗೇನ್ರಿ," ಅನ್ನುತ್ತಾರೆ ಸಕ್ರವ್ವ. "ಮೂರ ಸಲ ಬೈಸಿಕೊಂಡೇನಿ. ಒಂದ ಸಲ ಅಷ್ಟ ಕೈ ಮುಗದಾರ."

ಗಾಳೆಪ್ಪನವರಿಗೆ ಈಗ ನಲವತ್ತಾರು. ತಂದೆ ಮಾಳಪ್ಪ ಇದೇ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದರು. ಹರಿಗೋಲಿನಿಂದ ಜನರ ಸಾಮಾನು ನೀರಿಗೆ ಬೀಳುತ್ತಿತ್ತು, ಅದನ್ನು ತೆಗೆಯಲು ಮಗ ಮುಳುಗುತ್ತಿದ್ದ. ವಿದ್ಯೆ ಬಂದದ್ದು ಹಾಗೆ. ಈಗ ಸುತ್ತಿನ ಹಳ್ಳಿಗಳ ಮುನ್ನೂರಕ್ಕೂ ಹೆಚ್ಚು ಬಾವಿಗಳ ತಳ ಇವರ ಕೈಗೆ ಪರಿಚಯ. ಬಿದ್ದ ಕೊಡ, ಕಳಚಿದ ರಾಟೆ, ಜಾರಿದ ತಾಳಿ, ಎಲ್ಲಕ್ಕೂ ಗಾಳೆಪ್ಪನೇ ಆಗಬೇಕು. ಬೇಸಿಗೆಯಲ್ಲಿ ದಿನಕ್ಕೆ ಮೂವತ್ತು ಮುಳುಗು, ಚಳಿಗಾಲದಲ್ಲಿ ಹತ್ತು. ಎಡಗಿವಿ ಹತ್ತು ವರ್ಷದ ಹಿಂದೆ ಐದಾಳಿನ ಬಾವಿಯಲ್ಲಿ ಒಡೆದಿದೆ; ಮಾತಾಡಬೇಕಾದವರು ಬಲಕ್ಕೆ ಕೂಡಬೇಕು. "ಹೆಂಡ್ತೀನ ಎಡಕ್ಕ ಕುಂಡ್ರಿಸಿಕೊಂಡೇನ್ರಿ, ಸಂಸಾರ ಚೊಲೊ ನಡದೈತಿ," ಎಂದು ನಗುತ್ತಾರೆ.

ಬಾವಿಗಿಳಿಯುವ ಮನುಷ್ಯ ಸಿಗಡಿಗೆ ಬಿದ್ದದ್ದು ಒಂದು ಚಾಳೀಸಿನ ದೆಸೆಯಿಂದ. ನಾಲ್ಕು ವರ್ಷದ ಹಿಂದೆ, ಅಂದರೆ ಸಾವಿರದ ಒಂಬೈನೂರ ಐವತ್ನಾಲ್ಕರಲ್ಲಿ, ಬಾದಾಮಿಯ ಸಾಲಿಯೊಂದರ ವಿಜ್ಞಾನದ ಮಾಸ್ತರರಾದ ದತ್ತಾತ್ರೇಯ ಮಡುವಿಗೆ ಬಗ್ಗಿದಾಗ ಮೂಗಿನ ಮೇಲಿನ ಚಾಳೀಸು ನೀರಿಗೆ ಬಿತ್ತು. ಗಾಳೆಪ್ಪ ತೆಗೆದುಕೊಟ್ಟರು. ಮಾಸ್ತರರು ಅದನ್ನು ಏರಿಸಿ ನೋಡುತ್ತಾರೆ, ಗಾಜಿನ ಮೇಲೆ ಗಾಜಿನದೇ ಒಂದು ಹುಳ ಒದ್ದಾಡುತ್ತಿದೆ! ಉಪಕಾರವಾಯಿತು ಅನ್ನುವುದನ್ನೂ ಮರೆತು, "ಇದು ಎಲ್ಲಿತ್ತೋ? ಇನ್ನೂ ಇಂಥಾವು ಇದ್ದಾವೇನೋ?" ಎಂದು ಕೂಗಿದರಂತೆ.

"ಸಿಗಡಿ ಅಲ್ರೀ ಮಾಸ್ತರ್ರ? ಕಲ್ಲಹೂವಿನಾಗ ಬೇಕಾದಷ್ಟದಾವು," ಅಂದರು ಗಾಳೆಪ್ಪ.

ಕಲ್ಲಹೂವೆಂದರೆ ಮಸಾಲೆಗೆ ಹಾಕುವುದಲ್ಲ. ಮುಳುಗಿದ ಬಂಡೆಗಳ ಅಡಿಯಲ್ಲಿ ಹಸಿರಾಗಿ, ಮೆತ್ತಗೆ, ತೂತು ತೂತಾಗಿ ಅಂಟಿಕೊಂಡಿರುತ್ತದೆ. ಗಿಡವಲ್ಲ, ಅದೂ ಒಂದು ಪ್ರಾಣಿಯೇ ಎಂದು ಮಾಸ್ತರರು ಹೇಳಿದಾಗ ಗಾಳೆಪ್ಪ ನಂಬಿರಲಿಲ್ಲ. ಆಗ ಮಾಸ್ತರರು ಒಂದು ಪುಸ್ತಕದ ಚಿತ್ರ ತೋರಿಸಿದರು. ಸಮುದ್ರದ ತಳದಲ್ಲಿ ಸೇವಂತಿಗೆಯಂಥ ಹೂವು. ಅದು ಹೂವಲ್ಲ, ಬಾಯಿರುವ ಪ್ರಾಣಿ. ಅದರ ಎಸಳು ತಾಗಿದರೆ ಮೀನು ಸಾಯುತ್ತದೆ. ಆದರೆ ಆ ಎಸಳುಗಳ ನಡುವೆಯೇ ಪುಟ್ಟ ಸಿಗಡಿ ಆರಾಮಾಗಿ ಮನೆ ಮಾಡಿಕೊಂಡಿರುತ್ತದೆ. "ಅದಕ್ಯಾಕ ಏನೂ ಆಗಂಗಿಲ್ರಿ?" ಎಂದು ಗಾಳೆಪ್ಪ ಕೇಳಿದರು. "ಅಳಿಯಾ ಆಗಿರಬೇಕು, ಅದಕ್ಕ," ಅಂದರು ಸಕ್ರವ್ವ. ಆ ಚಿತ್ರ ಗಾಳೆಪ್ಪನ ತಲೆಯಿಂದ ಇಳಿದಿಲ್ಲ.

ಅಂದಿನಿಂದ ಮಾಸ್ತರರ ಶೀಶೆಗೆ ಸಿಗಡಿ ತುಂಬಿಸುವುದು ಇವರ ಬೆಳಗಿನ ಕೆಲಸ. ಸಿಗಡಿ ಎರಡು ಜಾತಿ ಎಂದು ಮೊದಲು ಹೇಳಿದವರೂ ಇವರೇ. ಮಾಸ್ತರರು ಒಪ್ಪಿ, ಎರಡನ್ನೂ ಬೆರೆಸಿ ಒಟ್ಟು ಇಪ್ಪತ್ನಾಲ್ಕು ಆರಿಸಿ, ಒಂದೇ ಶೀಶೆಯ ಸ್ಪಿರಿಟ್ಟಿನಲ್ಲಿ ಹಾಕಿ, ಮುಂಬಯಿಯ ಪಂಡಿತರೊಬ್ಬರಿಗೆ ಕಳಿಸಿದರು. ತಪ್ಪಾದದ್ದು ಇಲ್ಲೇ. ಸ್ಪಿರಿಟ್ಟು ಬಣ್ಣವನ್ನೆಲ್ಲ ಕುಡಿದುಬಿಟ್ಟಿತು. ಸೆರಗೂ ಹೋಯಿತು, ಚುಕ್ಕೆಯೂ ಹೋಯಿತು. ಕಳೆದ ದೀಪಾವಳಿಗೆ ಕಾಗದ ಬಂತು: ಇರುವುದೆಲ್ಲ ಒಂದೇ ಜಾತಿ, ತಂದುಕೊಟ್ಟವರ ಮಾತನ್ನು ಇಷ್ಟು ಸಲೀಸಾಗಿ ನಂಬಬಾರದು!

ಮಾಸ್ತರರು ಒಳ್ಳೆಯವರು, ಒಳ್ಳೆಯವರು ಮಾಡುವ ತಪ್ಪನ್ನೇ ಮಾಡಿದರು. ಬಾದಾಮಿಯ ಬಸ್ಸು ಬಂದು ನಿಲ್ಲುವ ಯಾಕೂಬಸಾಬರ ಚಾದಂಗಡಿಯಲ್ಲಿ ಕೂತು, ನೊಂದುಕೊಂಡು, ಆ ಕಾಗದವನ್ನು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳಿದರು. ಕಾಗದಕ್ಕಿಂತ ಜೋರಾಗಿ ಓಡಿದ್ದು ಯಾಕೂಬಸಾಬರ ಮಾತು: "ಅಲ್ಲೋ ಗಾಳೆಪ್ಪ, ಒಂದು ಸಿಗಡಿ ಎರಡು ಮಾಡಿದ ಮನಷ್ಯಾ, ಬಾವ್ಯಾಗಿನ ಎರಡು ಬಳಿ ಒಂದ ಮಾಡಾಕ ಹಿಂದಮುಂದ ನೋಡತಿಯೇನಲೇ?"

ಅಂಗಡಿ ತುಂಬ ನಗೆ. ಆದರೆ ಈ ನಗೆಯ ಭಾರ ಎಷ್ಟೆಂದು ನಕ್ಕವರಿಗೆ ಗೊತ್ತಿಲ್ಲ. ಬಾವಿಗಿಳಿದವನು ಒಡವೆ ತಂದರೆ ಸರಿ. ಬರಿಗೈಯಲ್ಲಿ ಬಂದು "ಇಲ್ಲ" ಅಂದರೆ? ತಳಕ್ಕೆ ಹೋಗಿ ನೋಡಿ ಬರುವ ಎರಡನೆಯ ಮನುಷ್ಯ ಇಲ್ಲ. ಅವನ ಮಾತೇ ಸಾಕ್ಷಿ. ಆ ಮಾತಿಗೆ ಗೆದ್ದಲು ಹಿಡಿದರೆ ಕಸುಬು ಮುಗಿಯಿತು. ಮುಂಬಯಿಯಲ್ಲಿ ಕುರ್ಚಿಯ ಮೇಲೆ ಕೂತು, ನೀರಿಗೆ ಕಾಲು ಸಹ ಅದ್ದದೆ, ಒಂದು ಸಾಲು ಟೈಪು ಮಾಡಿಸಿ ಕಳಿಸಿದವರಿಗೆ ಇದೆಲ್ಲಿ ಹೊಳೆಯಬೇಕು? ಓದಿದವರ ಒಂದು ಸಾಲು ಓದದವರ ಮೂವತ್ತು ವರ್ಷಕ್ಕೆ ಸರಿಸಮವೇನು?

ಅದೇ ವಾರ ಊರಿನ ಕಾಸಿಂಬಿಯ ಕಿವಿಯ ಬಂಗಾರದ ಬೆಂಡೋಲಿ ಕಳೆಯಿತು. ನೀರು ಸೇದುವಾಗಲೇ ಬಿತ್ತೆಂದು ಆಕೆಯ ಹಟ. ಗಾಳೆಪ್ಪ ಎಂಟು ಸಲ ಮುಳುಗಿ, ತಳದ ಕೆಸರನ್ನೆಲ್ಲ ಬೆರಳಿನಲ್ಲಿ ಜರಡಿ ಹಿಡಿದು, "ಬಾವ್ಯಾಗ ಇಲ್ಲವ್ವ," ಅಂದರು. ಕಾಸಿಂಬಿ ಅವರ ಮುಷ್ಟಿಯನ್ನೇ ನೋಡಿದಳು. ಆಮೇಲೆ ಎರಡು ತಿಂಗಳು ಗಾಳೆಪ್ಪನವರನ್ನು ಯಾರೂ ಬಾವಿಗೆ ಕರೆಯಲಿಲ್ಲ.

"ಊಟಾ ರುಚಿ ಹತ್ತಲಿಲ್ರಿ ಅವರಿಗೆ," ಅನ್ನುತ್ತಾರೆ ಸಕ್ರವ್ವ. "ನನಗ ಸಿಟ್ಟ ಬಂತು. ಮಾಸ್ತರ್ರಿಗೆ ಅಂದೆ: ಅಲ್ರಿ, ಸೀರಿ ಸುಣ್ಣದ ನೀರಾಗ ಕುದಿಸಿ, ಬಣ್ಣಾ ತೆಗದು, ಇದು ಯಾವ ದಡಿ ಹೇಳು ಅಂದ್ರ ಇಳಕಲ್ಲದ ನೇಕಾರನರ ಏನ ಹೇಳ್ಯಾನು? ಹಿಂಗ ಬರೀರಿ ಅವರಿಗೆ ಅಂದೆ."

ಮಾಸ್ತರರು ಹಾಗೆಯೇ, ಒಂದಕ್ಷರ ಬಿಡದೆ ಬರೆದರು. ಮುಂಬಯಿಯ ಪಂಡಿತರು ಕೃಷ್ಣಾಜಿ. ಅವರ ತಾಯಿಯ ತವರು ಬಾಗಲಕೋಟೆ. ಸುಣ್ಣದ ಮಾತು ಚುಚ್ಚಿತೋ, ತಾಯಿಯ ಸೀರೆ ನೆನಪಾಯಿತೋ, ಈ ಸಂಕ್ರಾಂತಿಯ ಮರುವಾರ ಅದೇ ಶೀಶೆ ಹಿಡಿದುಕೊಂಡು ಬಂದು ಗಾಳೆಪ್ಪನವರ ಮನೆಯ ಕಟ್ಟೆಯ ಮೇಲೆ ಕೂತರು. ಮನೆ ಮುಂದೆ ಅರ್ಧ ಊರು.

ಕೃಷ್ಣಾಜಿ ಬಿಳಿಚಿದ ಸಿಗಡಿಗಳನ್ನು ಒಂದು ತಾಟಿಗೆ ಸುರಿದರು. "ಬಣ್ಣ ಹೋಗ್ಯದ, ಒಪ್ಪಿದೆ. ಈಗ ಹೆಂಗ ಗುರ್ತು ಹಿಡೀತಿ?"

"ಬಣ್ಣ ಹೋದ್ರ ಮೂಗೂ ಹೋಗತೈತೇನ್ರಿ?" ಅಂದರು ಗಾಳೆಪ್ಪ. "ರಾಡಿ ನೀರಾಗ ನಾ ಎಲ್ಲಿ ಬಣ್ಣಾ ನೋಡ್ತೇನ್ರಿ? ಬಣ್ಣದ ಲೆಕ್ಕ ಈಕಿದು. ನಂದು ಬೆರಳಿನ ಲೆಕ್ಕ."

ಹೆಗಲ ಮೇಲಿನ ವಸ್ತ್ರದಿಂದ ಕಣ್ಣು ಕಟ್ಟಿಸಿಕೊಂಡರು. ಒಂದೊಂದೇ ಸಿಗಡಿಯನ್ನೆತ್ತಿ ಅದರ ಮೂತಿಗೆ ಬೆರಳ ತುದಿ ತಾಗಿಸಿದರು. "ಚುಚ್ಚಿತು, ತೆನಿ." ಬಲಕ್ಕೆ. "ಚುಚ್ಚಲಿಲ್ಲ, ಚಿಕ್ಕಿ." ಎಡಕ್ಕೆ. ಹೆಂಗಸರು ಎಣಿಸತೊಡಗಿದರು. ಇಪ್ಪತ್ತಮೂರು ಮುಗಿದವು. ಕಡೆಯದನ್ನು ಹಿಡಿದು ಗಾಳೆಪ್ಪ ನಿಂತರು. ತಿರುಗಿಸಿದರು, ಮತ್ತೆ ಮುಟ್ಟಿದರು. ಯಾಕೂಬಸಾಬರು ತಡೆಯಲಾರದೆ, "ಯಾವುದರ ಒಂದ ಹೇಳಲೇ, ಅರ್ಧಾ ಅರ್ಧಾ ಚಾನ್ಸ ಐತಿ!" ಎಂದು ಕೂಗಿದರು.

"ಮೂಗು ಮುರದೈತಿ. ಗೊತ್ತಾಗವಲ್ದು," ಅಂದರು ಗಾಳೆಪ್ಪ, ಮತ್ತು ಅದನ್ನು ನಡುವೆ ಬೇರೆಯಾಗಿ ಇಟ್ಟರು.

ಕೃಷ್ಣಾಜಿ ಮಸೂರ ಹಿಡಿದು ಒಂದು ತಾಸು ತಲೆಯೆತ್ತಲಿಲ್ಲ. ಬಲಗಡೆಯವಕ್ಕೆಲ್ಲ ಉದ್ದ ಗರಗಸದಂಥ ಮೂಗು, ಎಡಗಡೆಯವಕ್ಕೆ ಮೊಂಡು. ಸಕ್ರವ್ವ ಪಕ್ಕದಿಂದ, "ಹೊಟ್ಟೀನೂ ನೋಡ್ರಿ ಸಾಹೇಬ್ರ. ತೆನಿದು ಸಾಸಿವಿಯಂಥಾ ತತ್ತಿ, ನಾಕಾರು. ಚಿಕ್ಕಿದು ಗಸಗಸಿಯಂಥಾ, ಎಣಸಾಕಾಗಂಗಿಲ್ಲ," ಅಂದರು. ಅದೂ ಸರಿಹೋಯಿತು. ನಡುವಿನದರ ಹೊಟ್ಟೆಯಲ್ಲಿ ತತ್ತಿಯೂ ಇರಲಿಲ್ಲ. ಕೃಷ್ಣಾಜಿ ಅದನ್ನು ಬಹಳ ಹೊತ್ತು ನೋಡಿ, ಅಲ್ಲೇ ಬಿಟ್ಟು, "ಇದು ನನಗೂ ಗೊತ್ತಾಗವಲ್ದು," ಅಂದರು. ಮಸೂರ ಕೆಳಗಿಟ್ಟು, "ತಪ್ಪು ನಂದು. ನೋಡಲಾರದ ಬರದೆ. ಎರಡ ಜಾತಿ ಅವ. ನಿನಗ ಒಂದು ಸರ್ಟಿಫಿಕೇಟ ಬರದು ಕೊಡಲೇನು?" ಎಂದು ಕೇಳಿದರು.

"ಕಾಗದ ಒಲ್ಲೆರಿ," ಅಂದರು ಗಾಳೆಪ್ಪ. "ಕಾಗದದಿಂದನ ಹಿಂಗಾತು. ಮಾತು ಎಲ್ಲಿ ಹೋಗಿತ್ತೋ ಅಲ್ಲೇ ತಿರಗಿ ಬರಲಿ. ಯಾಕೂಬಸಾಬರ ಅಂಗಡಿಗೆ ನಡೀರಿ, ಈಗ ಅಂದದ್ದನ್ನ ಅಲ್ಲಿ ಒಮ್ಮೆ ಅನ್ರಿ."

ಸೂಟು ತೊಟ್ಟ ಪಂಡಿತರು ಚಾದಂಗಡಿಯ ಹಲಗೆಯ ಮುಂದೆ ನಿಂತು, ಬಾದಾಮಿಯ ಬಸ್ಸಿನಿಂದ ಇಳಿದವರೂ ಕೇಳುವ ಹಾಗೆ, "ಗಾಳೆಪ್ಪ ಹೇಳಿದ್ದು ಖರೆ, ನಾ ಬರದದ್ದು ಸುಳ್ಳು," ಅಂದರು. ಯಾಕೂಬಸಾಬರು ಎಲ್ಲರಿಗೂ ಚಾ ಹಂಚಿದರು. ಗಾಳೆಪ್ಪನವರಿಗೆ ಎರಡು ಕಪ್ಪು. "ಒಂದು ತೆನಿ, ಒಂದು ಚಿಕ್ಕಿ. ಕುಡೀಲೇ, ಇನ್ನ ಸಿಟ್ಟ ಬಿಡು."

ಕಾಸಿಂಬಿ ಅಂದು ಅಂಗಡಿಯ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡು ಮನೆಗೆ ಹೋದಳು. ಬಾವಿಯಲ್ಲಿ ಇಲ್ಲ ಅಂದಮೇಲೆ ಇಲ್ಲ, ಹಾಗಾದರೆ ಎಲ್ಲಿ? ಮೂರು ದಿನ ಮನೆಯನ್ನೆಲ್ಲ ಕೊಡವಿದಳು. ಕಡೆಗೆ ತಾನೇ ಹೊಲಿದ ಕೌದಿಯ ಎರಡು ಪದರಗಳ ನಡುವೆ ಏನೋ ಗಟ್ಟಿಯಾಗಿ ಕೈಗೆ ಹತ್ತಿತು. ಹೊಲಿಯುತ್ತ ತೂಕಡಿಸಿದಾಗ ಕಿವಿಯದು ಜಾರಿ ಒಳಗೆ ಸೇರಿ, ಮೇಲೆ ಹೊಲಿಗೆಯೂ ಬಿದ್ದಿತ್ತು. ಅದೇ ಕೌದಿಯನ್ನು ತಂದು ಸಕ್ರವ್ವನ ಮಡಿಲಿಗೆ ಹಾಕಿ, "ಅಣ್ಣಗ ಮುಳುಗಿ ಬಂದಮ್ಯಾಲೆ ಹೊಚ್ಚಾಕ ಇರಲಿ ಯಕ್ಕಾ," ಅಂದಳಂತೆ. ಇಂದು ಬೆಳಿಗ್ಗೆ ಮಡುವಿನ ದಂಡೆಯಲ್ಲಿ ಗಾಳೆಪ್ಪನವರ ಹೆಗಲ ಮೇಲಿರುವುದು ಅದೇ ಕೌದಿ.

ಎಲ್ಲ ಸುಖಾಂತವೇ ಅನ್ನುವ ಹಾಗಿಲ್ಲ. ಸಾಲಿಯ ಕಪಾಟಿನಲ್ಲಿ ಈಗ ಎರಡು ಶೀಶೆಗಳಿವೆ. ಚೀಟಿಗಳ ಮೇಲೆ ನದಿಯ ಹೆಸರಿದೆ, ಮಾಸ್ತರರ ಹೆಸರಿದೆ, ಪಂಡಿತರ ಹೆಸರಿದೆ. ಮುಳುಗಿದವನ ಹೆಸರಿಲ್ಲ, ಎಳೆ ಎಣಿಸಿದವಳದೂ ಇಲ್ಲ. ಕಿವಿ ಒಡೆದುಕೊಂಡವರಿಗೆ ಒಂದು ಬೆರಳಗಲ ಕಾಗದ ಸಾಲದೇ ಹೋಯಿತೆ? ಕೇಳಿದರೆ ಮಾಸ್ತರರು ತಲೆ ಕೆರೆದುಕೊಂಡು, "ಖರೆ ಅದ, ಬರೀಬೇಕು," ಅನ್ನುತ್ತಾರೆ. ಗಾಳೆಪ್ಪನವರಿಗೆ ಇದರ ಪರಿವೆಯೇ ಇಲ್ಲ. "ಚೀಟಿ ಯಾರ ಓದ್ತಾರ್ರಿ? ಸಿಗಡಿಗೆ ಓದಾಕ ಬರತೈತೇನು?" ಎಂದು ನಗುತ್ತಾರೆ. ನಗುವುದು ಅವರ ದೊಡ್ಡತನ. ಬರೆಯದೆ ಬಿಟ್ಟದ್ದು ನಮ್ಮ ಸಣ್ಣತನ.

ಬಿಸಿಲು ಮಡುವಿಗೆ ಇಳಿಯುತ್ತಿದೆ. ಸಕ್ರವ್ವ ಗಡಿಗೆಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದಾರೆ. ಗುಡ್ಡದ ಆಚೆಯ ಹಳ್ಳಿಯಿಂದ ಕರೆ ಬಂದಿದೆ, ಬಾವಿಗೆ ಯಾರದೋ ಬೆಳ್ಳಿಯ ಕಾಲ್ಗಡಗ ಬಿದ್ದಿದೆಯಂತೆ. ಹೊರಡುವ ಮುಂಚೆ ಗಾಳೆಪ್ಪ ನೀರನ್ನೇ ನೋಡುತ್ತ ನಿಲ್ಲುತ್ತಾರೆ. ಆಸೆ ಏನಾದರೂ ಇದೆಯೇ ಎಂದು ಕೇಳಿದರೆ ಬಲಗಿವಿ ಇತ್ತ ತಿರುಗಿಸುತ್ತಾರೆ.

"ಒಮ್ಮೆ ಸಮುದ್ರದಾಗ ಮುಳುಗಬೇಕ್ರಿ. ಆ ಹೂವಿನಂಥಾ ಪ್ರಾಣಿ, ಅದರಾಗ ಸಿಗಡಿ ಮನಿ ಮಾಡಿರತೈತಿ ಅಂತ ಪುಸ್ತಕದಾಗ ಬರದಾರಲ್ರಿ, ನೋಡಿ ಬರಬೇಕು."

"ಅದರ ದಡಿ ಯಾವುದಂತನೂ ನೋಡ್ಕೊಂಡ ಬರ್ರಿ," ಅನ್ನುತ್ತಾರೆ ಸಕ್ರವ್ವ, ಹಗ್ಗ ಸುತ್ತುತ್ತ.

ಗಾಳೆಪ್ಪ ಕೌದಿ ಕೊಡವಿ ಹೆಗಲಿಗೇರಿಸುತ್ತಾರೆ. "ಇದ್ರ ಐತಿ ಅಂತ ಬಂದ ಹೇಳ್ತೇನಿ. ಇಲ್ಲಂದ್ರ, ಪುಸ್ತಕದಾಗ ಇದ್ರೂ ಇಲ್ಲ ಅಂತೇನಿ."